ತಂತಿಗಾಲಿಯ ಜೇಮ್ಸ್ ಸ್ಟಾರ್ಲಿ

ಹೊರೆ ಹೇರಿದ ಬೈಸಿಕಲ್ಲಿನ ಮೇಲೆ ದೂರದ ಊರುಗಳಿಗೆ ಹೊರಡಬೇಕೆಂದಿರುವ ತರುಣರು ಆಗಾಗ ನನ್ನಲ್ಲಿಗೆ ಬಂದು, ಎಂತಹ ಗಾಲಿಯನ್ನು ಆರಿಸಿಕೊಳ್ಳಬೇಕೆಂದು ಕೇಳುವುದುಂಟು. ನಾನು ಗಾಲಿ ಕಟ್ಟುವ ಕಸಬಿನವನಲ್ಲ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಶಾಲೆಯಲ್ಲಿ ಪಾಠ ಹೇಳಿ ನಿವೃತ್ತನಾದವನು. ಆದರೆ ಯೌವನದಲ್ಲಿ ಸೈಕಲ್ ತುಳಿದು ಒಂದಷ್ಟು ನಾಡು ಕಂಡವನೆಂಬ ಪ್ರತೀತಿ ನನಗಿದೆ. ನನ್ನ ಉತ್ತರ ಆ ತರುಣರು ನಿರೀಕ್ಷಿಸಿದಷ್ಟು ಚಿಕ್ಕದಾಗಿರುವುದಿಲ್ಲ. ಪ್ರಶ್ನೆ ಕಿವಿಗೆ ಬಿದ್ದೊಡನೆ ನನ್ನ ಮನಸ್ಸು ಇಂಗ್ಲೆಂಡಿನ ಒಬ್ಬ ತೋಟದ ಮಾಲಿಯ ಕಡೆಗೆ ಹರಿಯುತ್ತದೆ. ಆತ ತೀರಿಕೊಂಡು 140 ವರ್ಷಗಳಿಗೂ ಹೆಚ್ಚಾಯಿತು. ಆತನ ಹೆಸರು ಜೇಮ್ಸ್ ಸ್ಟಾರ್ಲಿ. ತನ್ನ ದೇಶದಲ್ಲಿ ಬೈಸಿಕಲ್ ಉದ್ಯಮದ ಪಿತನೆಂದು ಹೆಸರಾದವನು. ನಮ್ಮಲ್ಲಿ ಬೆಳಗಿನ ಹಾಲು ತರುವವನಿಂದ ಹಿಡಿದು ಸಂಜೆಯ ಹುಲ್ಲಿನ ಹೊರೆ ಸಾಗಿಸುವವನವರೆಗೆ ಎಲ್ಲರೂ ಆತನ ಬುದ್ಧಿಯ ಮೇಲೆಯೇ ಕುಳಿತು ಹೋಗುತ್ತಿದ್ದರೂ ಹೆಸರು ಬಲ್ಲವರು ವಿರಳ.

ನಾನೂ ಆತನನ್ನು ಬಲ್ಲವನಾಗಿರಲಿಲ್ಲ. 1976ರ ಬೇಸಗೆಯಲ್ಲಿ ನಾನೂ ನನ್ನ ಸಹಪಾಠಿಯೊಬ್ಬನೂ ಚಿಕ್ಕಮಗಳೂರಿನಿಂದ ಮೂಡಿಗೆರೆಯ ಮಾರ್ಗವಾಗಿ ಚಾರ್ಮಾಡಿ ಘಟ್ಟವನ್ನಿಳಿದು ಸಮುದ್ರವನ್ನು ನೋಡಿಬರುವೆವೆಂದು ಹೊರಟೆವು. ಹಿಂದಿನ ಕ್ಯಾರಿಯರಿನ ಮೇಲೆ ಹಾಸಿಗೆಯ ಸುರುಳಿ, ಸೀಮೆಎಣ್ಣೆಯ ಸ್ಟೌ, ಅಕ್ಕಿ, ಬಟ್ಟೆಬರೆ; ಎಲ್ಲ ಸೇರಿ ಇಪ್ಪತ್ತು ಕಿಲೋಗೆ ಕಡಮೆಯಿಲ್ಲದ ಹೊರೆ. ಹೊರಡುವ ಮುಂಚೆ ಹಳೆಯ ಹಿಂಗಾಲಿಯನ್ನು ತೆಗೆಸಿ, ಕಣ್ಣು ಕೋರೈಸುವ ಹೊಸ ಗಾಲಿಯೊಂದನ್ನು ಹಾಕಿಸಿದ್ದೆ. ಅದರ ಹೊಳಪನ್ನು ನೋಡಿ ಕೊಂಡೆನೇ ಹೊರತು ಬೇರೆ ಏನನ್ನೂ ನೋಡಲಿಲ್ಲ. ಮೂಡಿಗೆರೆ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಟಣ್ ಎಂದು ಒಂದು ಕಡ್ಡಿ ಮುರಿಯಿತು. ಒಂದಲ್ಲವೆ ಎಂದು ಉದಾಸೀನ ಮಾಡಿದೆ. ಒಂದು ಮೈಲಿಯಲ್ಲಿ ಇನ್ನೊಂದು, ಅದರ ಬೆನ್ನಿಗೇ ಮೂರನೆಯದು. ಗಾಲಿ ಕುಡಿದವನಂತೆ ಓಲಾಡಿ ಫೋರ್ಕಿಗೆ ಉಜ್ಜತೊಡಗಿತು. ಕೊಟ್ಟಿಗೆಹಾರದವರೆಗೆ ಸೈಕಲ್ಲನ್ನು ತಳ್ಳಿಕೊಂಡು ನಡೆದೆವು.

ಅಲ್ಲಿ ರಸ್ತೆಯ ಬದಿಗೆ ಒಂದು ಹಲಗೆಯ ಗೂಡಿನಲ್ಲಿ ವೃದ್ಧ ಸಾಬರೊಬ್ಬರು ಸೈಕಲ್ ರಿಪೇರಿ ಮಾಡುತ್ತಿದ್ದರು. ಅವರು ನನ್ನ ಗಾಲಿಯನ್ನು ಬಿಚ್ಚಿ ಮಂಡಿಯ ಮೇಲಿಟ್ಟುಕೊಂಡು, ಮುರಿದ ಕಡ್ಡಿಗಳನ್ನು ನೋಡುವುದಕ್ಕೆ ಬದಲು ಮುರಿಯದೆ ಉಳಿದವನ್ನು ಒಂದೊಂದಾಗಿ ಬೆರಳಿನಿಂದ ಮೀಟಿದರು. ಕೆಲವು ಕಿಣಿಕಿಣಿ ಎಂದವು, ಕೆಲವು ಸತ್ತ ದನಿ ಹೊರಡಿಸಿದವು. ಅವರು ತಲೆ ಅಲ್ಲಾಡಿಸಿದರು. ಆ ರಾತ್ರಿ ಲಾಟೀನಿನ ಬೆಳಕಿನಲ್ಲಿ ನಲವತ್ತು ಕಡ್ಡಿಗಳನ್ನೂ ಕಳಚಿ, ಮೊದಲಿನಿಂದ ಹೆಣೆದು, ಎಲ್ಲವೂ ಒಂದೇ ಶ್ರುತಿಗೆ ಬರುವವರೆಗೆ ಬಿಗಿದರು. ಆಮೇಲೆ ಎರಡೆರಡು ಕಡ್ಡಿಗಳನ್ನು ಜೊತೆಯಾಗಿ ಅಂಗೈಯಲ್ಲಿ ಹಿಡಿದು, ನನಗೆ ಭಯವಾಗುವಷ್ಟು ಬಲವಾಗಿ ಹಿಸುಕಿದರು. ಕಡ್ಡಿಗಳನ್ನು ಹೀಗೆ ಒಂದರ ಮೇಲೊಂದು ಹಾಯಿಸುವ ಉಪಾಯವನ್ನು ಮೊದಲು ಕಂಡುಹಿಡಿದವರು ಯಾರು ಎಂದು ನಾನು ಕೇಳಿದೆ. ಅದು ತಮಗೆ ತಿಳಿಯದೆಂದೂ, ಯಾರೇ ಆಗಿರಲಿ ಆತ ಉಸ್ತಾದರ ಉಸ್ತಾದನೆಂದೂ ಅವರು ಹೇಳಿದರು. ಆ ಗಾಲಿ ಘಟ್ಟವನ್ನಿಳಿಯಿತು, ಸಮುದ್ರವನ್ನು ಮುಟ್ಟಿತು, ಮತ್ತೆ ಘಟ್ಟವನ್ನೇರಿತು. ಊರಿಗೆ ಬಂದವನು ಆ ಉಸ್ತಾದನ ಹೆಸರನ್ನು ಹುಡುಕಿಕೊಂಡು ಪುಸ್ತಕಭಂಡಾರಗಳನ್ನು ಸುತ್ತಿದೆ. ನನಗೆ ದೊರೆತ ಸಂಗತಿಗಳನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಸ್ಟಾರ್ಲಿ ಹುಟ್ಟಿದ್ದು 1830ರ ಏಪ್ರಿಲ್ 21ರಂದು, ಇಂಗ್ಲೆಂಡಿನ ತೆಂಕಣ ಭಾಗದ ಸಸೆಕ್ಸಿನಲ್ಲಿರುವ ಆಲ್ಬೋರ್ನ್ ಎಂಬ ಹಳ್ಳಿಯಲ್ಲಿ. ತಂದೆ ಬೇಸಾಯಗಾರ. ಹುಡುಗನಿಗೆ ಒಂಬತ್ತು ವರ್ಷ ತುಂಬುವ ವೇಳೆಗೆ ಹೊಲದ ಕೆಲಸಕ್ಕೆ ಹಚ್ಚಿದರು. ಮುರಿದ ಕೊಡೆಯ ಕಡ್ಡಿಯನ್ನೂ ಮರದ ರೆಂಬೆಯನ್ನೂ ಸೇರಿಸಿ ಇಲಿಯ ಬೋನೊಂದನ್ನು ಮಾಡಿದನೆಂಬ ಕಥೆ ಆತನ ಬಾಲ್ಯದ ಬಗ್ಗೆ ಪ್ರಚಾರದಲ್ಲಿದೆ. ಕಥೆ ನಿಜವೋ ಸುಳ್ಳೋ, ಉಕ್ಕಿನ ಕಡ್ಡಿಯ ಬಿಗುವನ್ನು ನಂಬಿ ಬಾಳಿದವನಿಗೆ ಕೊಡೆಯ ಕಡ್ಡಿಯೇ ಮೊದಲ ಗುರುವಾಯಿತೆಂದರೆ ನಂಬಬೇಕೆನಿಸುತ್ತದೆ. ಬೇಸಾಯದಲ್ಲಿ ಮನಸ್ಸು ನಿಲ್ಲಲಿಲ್ಲ. ಮೀಸೆ ಮೂಡುವ ವಯಸ್ಸಿನಲ್ಲಿ ಮನೆ ಬಿಟ್ಟು ಓಡಿಹೋಗಿ, ಲಂಡನ್ನಿನ ಬಳಿಯ ಲೂಯಿಷಮ್ ಎಂಬಲ್ಲಿ ಜಾನ್ ಪೆನ್ ಎಂಬ ಶ್ರೀಮಂತನ ತೋಟದಲ್ಲಿ ಮಾಲಿಯಾಗಿ ಸೇರಿಕೊಂಡನು.

ಇಲ್ಲಿ ದೈವ ಆತನಿಗೆ ಅನುಕೂಲವಾಗಿತ್ತೆನ್ನಬೇಕು. ಪೆನ್ ಬರಿಯ ಶ್ರೀಮಂತನಲ್ಲ. ಹಡಗುಗಳಿಗೆ ಉಗಿಯಂತ್ರಗಳನ್ನು ನಿರ್ಮಿಸುತ್ತಿದ್ದ ದೊಡ್ಡ ಇಂಜಿನಿಯರು. ಮಾಲಿ ಬಿಡುವಿನಲ್ಲಿ ಗಡಿಯಾರಗಳನ್ನು ರಿಪೇರಿ ಮಾಡುತ್ತಿದ್ದುದನ್ನೂ, ಏರಿಸಿ ಇಳಿಸಬಹುದಾದ ದೀಪದ ಕಂಬ, ತಾನೇ ತೂಗುವ ತೊಟ್ಟಿಲು ಮೊದಲಾದ ಸಣ್ಣಪುಟ್ಟ ಯಂತ್ರಗಳನ್ನು ಮಾಡುತ್ತಿದ್ದುದನ್ನೂ ಒಬ್ಬ ಜಮೀನುದಾರ ಕಂಡಿದ್ದರೆ ಕೆಲಸಗಳ್ಳನೆಂದು ಗದರಿಸುತ್ತಿದ್ದನೋ ಏನೋ. ಪೆನ್ ಹಾಗೆ ಮಾಡಲಿಲ್ಲ. ಹೊಲಿಗೆಯಂತ್ರ ಆಗ ಅಪರೂಪದ, ಬಲು ಬೆಲೆಯ ವಸ್ತು. ಪೆನ್ನನ ಹೆಂಡತಿಗೆಂದು ತಂದ ಯಂತ್ರ ಕೆಟ್ಟುಹೋದಾಗ ಅದನ್ನು ಬಿಚ್ಚಿ ಸರಿಪಡಿಸಿದವನು ತೋಟದ ಮಾಲಿ. ಸರಿಪಡಿಸಿದ್ದಷ್ಟೇ ಅಲ್ಲ, ಅದು ಮೊದಲಿಗಿಂತ ಚೆನ್ನಾಗಿ ನಡೆಯುವಂತೆ ತಿದ್ದಿದನು. ಪೆನ್ ಆತನನ್ನು, ಹೊಲಿಗೆಯಂತ್ರದ ವ್ಯವಹಾರದಲ್ಲಿ ಪಾಲುದಾರನಾಗಿದ್ದ ಜೋಸೈಯಾ ಟರ್ನರ್ ಎಂಬ ಪರಿಚಿತನಿಗೆ ಒಪ್ಪಿಸಿದನು. ಸನಿಕೆ ಹಿಡಿದಿದ್ದ ಕೈಗೆ ಹೀಗೆ ಸ್ಪ್ಯಾನರು ಬಂದಿತು. ಯಜಮಾನನೊಬ್ಬ ತನ್ನ ಆಳಿನಲ್ಲಿರುವ ಗುಣವನ್ನು ಕಂಡು ಅವನನ್ನು ಬಿಟ್ಟುಕೊಟ್ಟುದು ಸಣ್ಣ ಮಾತಲ್ಲ.

1861ರ ಸುಮಾರಿನಲ್ಲಿ ಟರ್ನರ್ ಮತ್ತು ಸ್ಟಾರ್ಲಿ ಇಬ್ಬರೂ ಕಾವೆಂಟ್ರಿ ನಗರಕ್ಕೆ ಬಂದು ಹೊಲಿಗೆಯಂತ್ರಗಳ ಕಾರ್ಖಾನೆಯನ್ನು ತೆರೆದರು. ಕಾವೆಂಟ್ರಿಯ ಸ್ಥಿತಿಯನ್ನು ಇಲ್ಲಿ ಒಂದಿಷ್ಟು ಹೇಳಬೇಕು. ಆ ಊರು ರೇಷ್ಮೆಯ ರಿಬ್ಬನ್ ನೇಯುವ ಊರು. 1860ರಲ್ಲಿ ಇಂಗ್ಲೆಂಡು ಫ್ರಾನ್ಸುಗಳ ನಡುವೆ ಒಪ್ಪಂದವಾಗಿ ಫ್ರಾನ್ಸಿನ ರಿಬ್ಬನ್ನು ಸುಂಕವಿಲ್ಲದೆ ಒಳಬರತೊಡಗಿದಾಗ, ಕಾವೆಂಟ್ರಿಯ ಮಗ್ಗಗಳು ನಿಂತುಹೋದವು. ಸಾವಿರಾರು ಮಂದಿ ಹೊಟ್ಟೆಗಿಲ್ಲದೆ ಊರು ಬಿಟ್ಟರು. ನೇಯ್ಗೆಯವರ ಸಂಕಟವನ್ನು ಕಣ್ಣಾರೆ ಕಂಡ ನಮ್ಮ ನಾಡಿನವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಸೂಕ್ಷ್ಮ ಕೆಲಸಕ್ಕೆ ಒಗ್ಗಿದ ಕೈಗಳು ಕೆಲಸವಿಲ್ಲದೆ ಕುಳಿತಿದ್ದಾಗ ಹೊಲಿಗೆಯಂತ್ರದ ಕಾರ್ಖಾನೆ ಬಂದಿತು. ಅದೂ ಸಾಲದಾಯಿತು.

1868ರಲ್ಲಿ ಜೋಸೈಯಾ ಟರ್ನರನ ಸೋದರನ ಮಗ ರೌಲಿ ಟರ್ನರ್, ಕಂಪೆನಿಯ ಪ್ಯಾರಿಸ್ ಪ್ರತಿನಿಧಿ, ಅಲ್ಲಿಂದ ಒಂದು ವಿಚಿತ್ರ ವಾಹನವನ್ನು ತಂದನು. ಎರಡು ಗಾಲಿ, ನಡುವೆ ಆಸನ, ಮುಂಗಾಲಿಯ ಅಚ್ಚಿಗೇ ಕೂಡಿಸಿದ ಪೆಡಲು. ಪ್ಯಾರಿಸ್ಸಿನ ಜನ ಅದಕ್ಕೆ ಮರುಳಾಗಿದ್ದರು. ನೂರಾರು ವಾಹನಗಳಿಗೆ ಬೇಡಿಕೆಯಿದೆ, ಇಲ್ಲಿಯೇ ಮಾಡಿಕೊಡಿ ಎಂದು ರೌಲಿ ಕೇಳಿದನು. ಕಂಪೆನಿ ಒಪ್ಪಿತು, 1869ರಲ್ಲಿ ಹೆಸರಿನಿಂದ ಹೊಲಿಗೆಯಂತ್ರವನ್ನು ಕೈಬಿಟ್ಟು ಕಾವೆಂಟ್ರಿ ಮೆಷಿನಿಸ್ಟ್ಸ್ ಆಯಿತು. ಆದರೆ 1870ರಲ್ಲಿ ಫ್ರಾನ್ಸಿಗೂ ಪ್ರಷ್ಯಕ್ಕೂ ಯುದ್ಧ ಹತ್ತಿಕೊಂಡು ಪ್ಯಾರಿಸ್ಸಿನ ಮಾರುಕಟ್ಟೆ ಮುಚ್ಚಿತು. ವಾಹನಗಳನ್ನು ಇನ್ನು ಇಂಗ್ಲೆಂಡಿನಲ್ಲೇ ಮಾರಬೇಕು. ಮಾರಬೇಕಾದರೆ ಜನ ಏರಿ ಕುಳಿತುಕೊಳ್ಳುವಂತಿರಬೇಕು. ಆ ವಾಹನವೋ, ಏರಿದವನ ಎಲುಬುಗಳನ್ನೆಲ್ಲ ಅಲುಗಿಸುವಂತಹುದು. ಅದಕ್ಕೆ ಇಂಗ್ಲೆಂಡಿನವರು ಇಟ್ಟ ಅಡ್ಡಹೆಸರಿಗೂ ಅದೇ ಅರ್ಥ.

ಇದಕ್ಕೆ ಕಾರಣ ಗಾಲಿ. ಅದು ನಮ್ಮ ಎತ್ತಿನ ಗಾಡಿಯ ಗಾಲಿಯ ತಮ್ಮನೇ ಸರಿ: ಮರದ ಗುಂಬ, ಮರದ ಅರೆಕಾಲು, ಮರದ ವೃತ್ತ, ಅದರ ಮೇಲೆ ಕಬ್ಬಿಣದ ಪಟ್ಟಿ. ಅಂತಹ ಗಾಲಿಯಲ್ಲಿ ಭಾರವೆಲ್ಲ ನೆಲದ ಕಡೆಗಿರುವ ಅರೆಕಾಲಿನ ಮೇಲೆ, ಮನುಷ್ಯ ಊರುಗೋಲಿನ ಮೇಲೆ ನಿಂತಂತೆ, ನಿಲ್ಲುತ್ತದೆ. ಊರುಗೋಲು ದಪ್ಪವಾಗಿರಲೇಬೇಕು. ಪೆಡಲು ಗಾಲಿಗೇ ಕೂಡಿದ್ದುದರಿಂದ ಕಾಲು ಒಂದು ಸುತ್ತು ತಿರುಗಿದರೆ ಗಾಲಿಯೂ ಒಂದೇ ಸುತ್ತು. ವೇಗ ಬೇಕಾದರೆ ಗಾಲಿ ದೊಡ್ಡದಾಗಬೇಕು. ಮರದ ಗಾಲಿಯನ್ನು ಆಳೆತ್ತರಕ್ಕೆ ಮಾಡಿದರೆ ತುಳಿಯುವವರಾರು? ಸ್ಟಾರ್ಲಿಯ ಮುಂದಿದ್ದ ಗಂಟು ಇದು.

ಗಾಲಿಯನ್ನು ಊರುಗೋಲಿನ ಮೇಲೆ ನಿಲ್ಲಿಸುವುದಕ್ಕೆ ಬದಲು ತಂತಿಗಳ ಬಿಗುವಿನಲ್ಲಿ ತೂಗುಹಾಕಬಹುದು ಎಂಬುದು ಆ ಗಂಟನ್ನು ಬಿಡಿಸಿದ ಯುಕ್ತಿ. ನ್ಯಾಯವಾಗಿ ಹೇಳಬೇಕಾದರೆ ಈ ಕಲ್ಪನೆ ಸ್ಟಾರ್ಲಿಗೇ ಮೊದಲು ಹೊಳೆದುದಲ್ಲ. ಹಾರುವ ಯಂತ್ರದ ಕನಸು ಕಾಣುತ್ತಿದ್ದ ಸರ್ ಜಾರ್ಜ್ ಕೇಯ್ಲಿ 1808ರಷ್ಟು ಹಿಂದೆಯೇ ಬಿಗಿದ ಎಳೆಗಳ ಗಾಲಿಯನ್ನು ಯೋಚಿಸಿದ್ದನು. ಪ್ಯಾರಿಸ್ಸಿನ ಯೂಜೀನ್ ಮೇಯರ್ 1869ರಲ್ಲಿ ತಂತಿಗಾಲಿಗೆ ಪೇಟೆಂಟನ್ನೂ ಪಡೆದನು. ಒಬ್ಬನ ತಲೆಯ ಮೇಲೆಯೇ ಎಲ್ಲ ಕಿರೀಟಗಳನ್ನೂ ಇಡುವ ಚರಿತ್ರಕಾರರ ಚಾಳಿ ನನಗೆ ಒಪ್ಪಿಗೆಯಿಲ್ಲ. ಸ್ಟಾರ್ಲಿಯ ಪಾಲಿಗೆ ಸೇರಬೇಕಾದುದು ಅಷ್ಟು ದೊಡ್ಡದಾಗಿರುವಾಗ ಇನ್ನೊಬ್ಬರ ಪಾಲನ್ನು ಕಸಿಯುವ ಅಗತ್ಯವೂ ಇಲ್ಲ.

1870ರ ಆಗಸ್ಟಿನಲ್ಲಿ ಸ್ಟಾರ್ಲಿಯೂ ಆತನ ಜೊತೆಗಾರ ವಿಲಿಯಂ ಹಿಲ್ಮನ್ನನೂ ಸೇರಿ ಒಂದು ಪೇಟೆಂಟ್ ಪಡೆದರು. ಅದರಿಂದ ಹೊರಬಂದ ಬೈಸಿಕಲ್ಲಿನ ಹೆಸರು ಏರಿಯಲ್. ಶೇಕ್ಸ್‌ಪಿಯರನ ನಾಟಕದಲ್ಲಿ ಬರುವ ಗಾಳಿಯ ಕಿನ್ನರನ ಹೆಸರೂ ಅದೇ. ದೊಡ್ಡ ಮುಂಗಾಲಿ, ಪುಟ್ಟ ಹಿಂಗಾಲಿ, ಗಟ್ಟಿ ರಬ್ಬರಿನ ಟಯರು, ಕಬ್ಬಿಣದ ಮೈ. ಗಾಲಿಯ ಗುಂಬದಿಂದ ಎರಡು ಕಡೆಗೆ ಎರಡು ಸನ್ನೆಗೋಲುಗಳು ರಿಮ್ಮಿನವರೆಗೆ ಚಾಚಿದ್ದವು. ಅವುಗಳ ತುದಿಯಲ್ಲಿದ್ದ ತಿರುಪನ್ನು ಬಿಗಿದರೆ ಗುಂಬ ರಿಮ್ಮಿನೊಳಗೆ ತುಸು ತಿರುಗಿ, ಎಲ್ಲ ತಂತಿಗಳೂ ಒಂದೇ ಸಲಕ್ಕೆ ಬಿಗಿಯುತ್ತಿದ್ದವು. ಬೆಲೆ 8 ಪೌಂಡು. ವೇಗ ಹೆಚ್ಚಿಸುವ ಹಲ್ಲುಚಕ್ರವೂ ಬೇಕೆಂದರೆ 12.

ಏರಿಯಲ್ಲಿನ ಮೇಲೆ ಸ್ಟಾರ್ಲಿ ಹಿಲ್ಮನ್ನರಿಬ್ಬರೂ ಲಂಡನ್ನಿನಿಂದ ಕಾವೆಂಟ್ರಿಯವರೆಗೆ, ಹೆಚ್ಚುಕಡಮೆ 96 ಮೈಲಿಗಳನ್ನು, ಒಂದೇ ದಿನದಲ್ಲಿ ತುಳಿದು ಬಂದರೆಂದು ಕಾವೆಂಟ್ರಿಯಲ್ಲಿ ಕಥೆ. ಅದರ ಬೆನ್ನಿಗೆ ಇಬ್ಬರೂ ಹಾಸಿಗೆ ಹಿಡಿದು ಮಲಗಿದರೆಂದೂ ಕಥೆಯೇ ಹೇಳುತ್ತದೆ. ಸ್ಟಾರ್ಲಿಗೆ ಆಗ ನಲವತ್ತು ದಾಟಿತ್ತು. ತಾನು ಮಾಡಿದ ಸರಕನ್ನು ತಾನೇ ಏರಿ, ತನ್ನ ಮೈಯನ್ನೇ ಜಾಹೀರಾತಿಗೆ ಒಡ್ಡಿದ ಕಾರ್ಖಾನೆಯವರು ಇಂದು ಎಷ್ಟು ಮಂದಿ ಸಿಕ್ಕಾರು?

ಆದರೆ ಸ್ಟಾರ್ಲಿ ಏರಿಯಲ್ಲಿಗೆ ತೃಪ್ತನಾಗಲಿಲ್ಲ. ಎಲ್ಲ ತಂತಿಗಳನ್ನೂ ಒಟ್ಟಿಗೆ ಬಿಗಿಯುವ ಉಪಾಯದಲ್ಲಿ ಒಂದು ದೋಷವಿದೆ: ಒಂದು ತಂತಿ ಸಡಿಲವಾಗಿದ್ದರೆ ಅದೊಂದನ್ನೇ ಬಿಗಿಯಲು ಸಾಧ್ಯವಿಲ್ಲ. ಜೊತೆಗೆ ಗುಂಬದ ನಡುವಿನಿಂದ ನೇರವಾಗಿ ರಿಮ್ಮಿಗೆ ಹೋಗುವ ತಂತಿ ಭಾರವನ್ನು ಹೊರಬಲ್ಲುದೇ ಹೊರತು, ಪೆಡಲಿನ ತುಳಿತದಿಂದ ಗುಂಬಕ್ಕೆ ಬರುವ ತಿರುಚನ್ನು ರಿಮ್ಮಿಗೆ ಮುಟ್ಟಿಸುವುದರಲ್ಲಿ ದುರ್ಬಲ. ಬಾವಿಯ ರಾಟೆಯನ್ನು ನೆನೆಯಿರಿ. ಹಗ್ಗ ರಾಟೆಯ ಅಂಚನ್ನು ಸವರಿಕೊಂಡು ಹೊರಟಾಗ ಎಳೆದರೆ ರಾಟೆ ತಿರುಗುತ್ತದೆ. ಅದೇ ಹಗ್ಗವನ್ನು ನಡುವಿನ ಅಚ್ಚಿಗೆ ಕಟ್ಟಿ ಎಳೆದರೆ ರಾಟೆ ಮಿಸುಕುವುದಿಲ್ಲ. ಸ್ಟಾರ್ಲಿ 1874ರಲ್ಲಿ ಪೇಟೆಂಟ್ ಪಡೆದ ಗಾಲಿಯಲ್ಲಿ ಪ್ರತಿಯೊಂದು ತಂತಿಯೂ ಗುಂಬದ ಅಂಚನ್ನು ಸವರಿಕೊಂಡು ಓರೆಯಾಗಿ ಹೊರಡುತ್ತದೆ. ಅರ್ಧದಷ್ಟು ತಂತಿಗಳು ಮುಂದಕ್ಕೆ ಓರೆ, ಅರ್ಧದಷ್ಟು ಹಿಂದಕ್ಕೆ ಓರೆ, ಒಂದನ್ನೊಂದು ಹಾದುಹೋಗುತ್ತವೆ. ತುಳಿದಾಗ ಒಂದು ಗುಂಪು ಎಳೆಯುತ್ತದೆ, ಇನ್ನೊಂದು ಗುಂಪು ತಡೆಯುತ್ತದೆ. ಯಾವ ತಂತಿಯನ್ನು ಬೇಕಾದರೂ ಪ್ರತ್ಯೇಕವಾಗಿ ಬಿಗಿಯಬಹುದು, ಮುರಿದರೆ ಪ್ರತ್ಯೇಕವಾಗಿ ತೆಗೆಯಬಹುದು. ಕೊಟ್ಟಿಗೆಹಾರದ ಸಾಬರು ಲಾಟೀನಿನ ಬೆಳಕಿನಲ್ಲಿ ಹೆಣೆದದ್ದು ಇದನ್ನೇ.

ಇಂತಹ ಗಾಲಿ ಹೊರೆಯನ್ನು ಹೇಗೆ ಹೊರುತ್ತದೆಂಬುದು ಆರಿಸಿಕೊಳ್ಳುವವನಿಗೆ ತಿಳಿದಿರಬೇಕು. ತಂತಿಯನ್ನು ಎಳೆಯಬಹುದು, ದೂಡಲಾಗದು, ದೂಡಿದರೆ ಬಾಗುತ್ತದೆ. ಆದುದರಿಂದ ಹೊರೆ ಬೀಳುವ ಮುಂಚೆಯೇ ಎಲ್ಲ ತಂತಿಗಳನ್ನೂ ಎಳೆದು ಬಿಗಿದಿಟ್ಟಿರುತ್ತಾರೆ. ಹೊರೆ ಬಿದ್ದಾಗ ನೆಲದ ಕಡೆಗಿರುವ ಕೆಲವು ತಂತಿಗಳ ಬಿಗುವು ತುಸು ಇಳಿಯುತ್ತದೆ. ಉಳಿದವುಗಳಲ್ಲಿ ಹೆಚ್ಚಿನ ವ್ಯತ್ಯಾಸವಾಗುವುದಿಲ್ಲ. ಗಾಲಿ ಉರುಳಿದಂತೆ ಒಂದೊಂದು ತಂತಿಯೂ ಸರದಿಯ ಮೇಲೆ ಕೆಳಗೆ ಬಂದು ಸಡಿಲಿ, ಮೇಲಕ್ಕೆ ಹೋಗುತ್ತ ಮತ್ತೆ ಬಿಗಿಯುತ್ತದೆ. ನಮ್ಮ ಸಾಮಾನ್ಯ 28 ಅಂಗುಲದ ಗಾಲಿ ಒಂದು ಕಿಲೋಮೀಟರಿಗೆ ಸುಮಾರು 450 ಸುತ್ತು ಉರುಳುತ್ತದೆ. ದಿನಕ್ಕೆ ನೂರು ಕಿಲೋಮೀಟರು ತುಳಿದರೆ ಪ್ರತಿಯೊಂದು ತಂತಿಯೂ 45,000 ಸಲ ಸಡಿಲಿ ಬಿಗಿಯುತ್ತದೆ. ತಗಡಿನ ತುಂಡನ್ನು ಹಿಂದಕ್ಕೂ ಮುಂದಕ್ಕೂ ಬಾಗಿಸಿ ಮುರಿಯುವ ಹುಡುಗರಾಟ ಎಲ್ಲರಿಗೂ ಗೊತ್ತು. ತಂತಿಯೂ ಹೀಗೆಯೇ ದಣಿದು ಸಾಯುತ್ತದೆ. ಒಂದು ಗುಂಡಿಯ ಏಟಿಗೆ ಮುರಿಯುವುದು ಅಪರೂಪ. ಸಾಯುವ ಜಾಗ ಸಾಮಾನ್ಯವಾಗಿ ಗುಂಬದ ಬಳಿ ಅದು ಮೊಣಕೈಯಂತೆ ಬಾಗಿರುವ ಕಡೆ. ಬಿಗುವು ಕಡಮೆಯಾದ ತಂತಿ ಪೂರ್ತಿ ಸಡಿಲಿ ಆ ಮೊಣಕೈಯಲ್ಲಿ ಅಲುಗಾಡುತ್ತದೆ. ಪಕ್ಕದ ಬಿಗಿ ತಂತಿ ಅದರ ಪಾಲನ್ನೂ ಹೊರುತ್ತದೆ. ಮೊದಲನೆಯದು ಮುರಿದ ಮೇಲೆ ಮಿಕ್ಕವು ಒಂದರ ಹಿಂದೊಂದು ಹೋಗುವುದಕ್ಕೆ ಇದೇ ಕಾರಣ. ನನ್ನ ಹೊಸ ಗಾಲಿಯ ಸತ್ತ ದನಿಯ ಕಡ್ಡಿಗಳ ಅರ್ಥ ನನಗೆ ಹೀಗೆ ತಡವಾಗಿ ತಿಳಿಯಿತು. ಸಾಬರು ಅಷ್ಟು ಬಲವಾಗಿ ಹಿಸುಕಿದ್ದಕ್ಕೂ ಅರ್ಥವಿತ್ತು: ಮೊಣಕೈಯಲ್ಲಿ ತಂತಿ ಗುಂಬಕ್ಕೆ ಸರಿಯಾಗಿ ಕುಳಿತುಕೊಳ್ಳುತ್ತದೆ, ಬಾಗಿಸುವಾಗ ಉಕ್ಕಿನೊಳಗೆ ಉಳಿದ ಬಿಗುವು ಇಳಿದು ಅದರ ಆಯುಸ್ಸು ಹೆಚ್ಚುತ್ತದೆ.

ಸ್ಟಾರ್ಲಿಯ ಕಥೆಗೆ ಮರಳುವೆನು. ಎತ್ತರದ ಬೈಸಿಕಲ್ಲು ತರುಣರ ವಾಹನವಾಯಿತು. ಹೆಂಗಸರೂ ವಯಸ್ಸಾದವರೂ ಅದನ್ನು ಏರುವಂತಿರಲಿಲ್ಲ. ಏರಿದವರು ಸಣ್ಣ ಕಲ್ಲು ಅಡ್ಡಬಂದರೂ ತಲೆ ಕೆಳಗಾಗಿ ಬೀಳುತ್ತಿದ್ದರು. ಆತ ಅವರಿಗಾಗಿ ಮೂರು ಗಾಲಿಯ, ನಾಲ್ಕು ಗಾಲಿಯ ವಾಹನಗಳತ್ತ ತಿರುಗಿದನು. ಇಬ್ಬರು ಅಕ್ಕಪಕ್ಕ ಕುಳಿತು ತುಳಿಯುವ ವಾಹನವೊಂದನ್ನು ಮಾಡಿ, ಮಗ ವಿಲಿಯಮ್ಮನೊಡನೆ ಹೊರಟನು. ಮಗನ ಕಾಲಿನಲ್ಲಿ ಯೌವನದ ಬಲ. ತಂದೆಯ ಕಾಲಿನಲ್ಲಿ ಅದಿಲ್ಲ. ಎರಡು ಗಾಲಿಗೂ ಒಂದೇ ಸಮನಾದ ನೂಕು ದೊರೆಯದೆ ವಾಹನ ಒಂದು ಕಡೆಗೆ ತಿರುಗಿ, ಸ್ಟಾರ್ಲಿ ತುರುಚೆ ಗಿಡಗಳ ಪೊದೆಗೆ ಬಿದ್ದನೆಂದು ಹೇಳುತ್ತಾರೆ. ಮೈಯೆಲ್ಲ ದದ್ದು ಎದ್ದಿದ್ದರೂ ಆತನ ತಲೆ ಸುಮ್ಮನಿರಲಿಲ್ಲ. ಎರಡು ಗಾಲಿಗಳು ಬೇರೆ ಬೇರೆ ವೇಗದಲ್ಲಿ ಉರುಳಿದರೂ ಎರಡಕ್ಕೂ ಶಕ್ತಿಯನ್ನು ಹಂಚಿಕೊಡುವ ಹಲ್ಲುಚಕ್ರಗಳ ಜೋಡಣೆಯನ್ನು 1877ರಲ್ಲಿ ತನ್ನ ವಾಹನಕ್ಕೆ ಅಳವಡಿಸಿದನು. ಆ ತತ್ತ್ವವನ್ನು ಫ್ರಾನ್ಸಿನ ಪೆಕ್ಯೂರ್ ಅರ್ಧ ಶತಮಾನದ ಹಿಂದೆಯೇ ಉಗಿಬಂಡಿಗೆಂದು ಕಂಡುಹಿಡಿದಿದ್ದನು. ಜನ ತುಳಿಯುವ ವಾಹನದೊಳಗೆ ಅದನ್ನು ತಂದವನು ಸ್ಟಾರ್ಲಿ. ಇಂದಿನ ಮೋಟಾರುಗಾಡಿಗಳು ತಿರುವಿನಲ್ಲಿ ಗಾಲಿಯನ್ನು ಎಳೆದಾಡದೆ ತಿರುಗುವುದು ಅಂತಹುದೇ ಜೋಡಣೆಯಿಂದ.

ಈ ವಾಹನಕ್ಕೆ ಸಾಲ್ವೋ ಎಂದು ಹೆಸರಿಟ್ಟರು. 1881ರಲ್ಲಿ ವಿಕ್ಟೋರಿಯಾ ರಾಣಿ ವೈಟ್ ದ್ವೀಪದಲ್ಲಿ ಸಾರೋಟಿನಲ್ಲಿ ಹೋಗುತ್ತಿದ್ದಾಗ ತರುಣಿಯೊಬ್ಬಳು ಸಾಲ್ವೋವಿನ ಮೇಲೆ ಹೋಗುವುದನ್ನು ಕಂಡಳಂತೆ. ರಾಣಿ ಎರಡನ್ನು ತರಿಸಿಕೊಂಡಳು. ಮಾಡಿದವನನ್ನು ನೋಡಬೇಕೆಂದೂ ಹೇಳಿಕಳುಹಿಸಿದಳು. ಸಸೆಕ್ಸಿನ ಹೊಲದಿಂದ ಓಡಿಹೋದ ಹುಡುಗ ಆಸ್ಬೋರ್ನ್ ಅರಮನೆಗೆ ಹೋಗಿ ರಾಣಿಯ ಕಡೆಯಿಂದ ಬೆಳ್ಳಿಯ ಗಡಿಯಾರವೊಂದನ್ನು ಪಡೆದು ಬಂದನು. ಗಡಿಯಾರ ರಿಪೇರಿ ಮಾಡುತ್ತಿದ್ದ ಮಾಲಿಗೆ ಸಂದ ಉಡುಗೊರೆ ಅದು. ವಾಹನದ ಹೆಸರಿನ ಮುಂದೆ ರಾಯಲ್ ಎಂಬ ಬಿರುದು ಸೇರಿತು. ಆದರೆ ಆ ವೇಳೆಗೆ ಆತನ ದೇಹ ಜರ್ಜರಿತವಾಗಿತ್ತು. ಅದೇ ವರ್ಷ ಜೂನ್ 17ರಂದು, 51ನೆಯ ವಯಸ್ಸಿನಲ್ಲಿ, ಕಾವೆಂಟ್ರಿಯಲ್ಲಿ ತೀರಿಕೊಂಡನು.

ಆತ ಕಾಣದೆ ಹೋದ ಸಂಗತಿಗಳನ್ನು ನೆನೆದಾಗ ನನಗೆ ವ್ಯಸನವಾಗುತ್ತದೆ. 1872ರಲ್ಲಿ ಆತನ ಬಳಿಗೆ ಕೆಲಸ ಕಲಿಯಲು ಬಂದಿದ್ದ ಸೋದರನ ಮಗ ಜಾನ್ ಕೆಂಪ್ ಸ್ಟಾರ್ಲಿ 1885ರಲ್ಲಿ ರೋವರ್ ಎಂಬ ಬೈಸಿಕಲ್ಲನ್ನು ತಂದನು: ಎರಡು ಗಾಲಿಗಳೂ ಹೆಚ್ಚುಕಡಮೆ ಸಮ, ಹಿಂಗಾಲಿಗೆ ಚೈನು. ಇಂದು ನಾವು ತುಳಿಯುವುದು ಅದರ ಮಕ್ಕಳು ಮೊಮ್ಮಕ್ಕಳನ್ನು. ಪೋಲೆಂಡಿನವರ ಭಾಷೆಯಲ್ಲಿ ಬೈಸಿಕಲ್ಲಿಗೆ ಇಂದಿಗೂ ರೋವರ್ ಎಂದೇ ಹೆಸರು. 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟಯರನ್ನು ತಂದನು. ಹಿಲ್ಮನ್ನನ ಹೆಸರು ಮುಂದೆ ಮೋಟಾರುಗಾಡಿಗಳ ಮೇಲೆ ಬಂದಿತು. ಮಗ್ಗ ನಿಂತ ಊರು ಬೈಸಿಕಲ್ಲಿನಿಂದ ಬದುಕಿತು, ಅನಂತರ ಮೋಟಾರಿನಿಂದ ಬೆಳೆಯಿತು. ರೋವರಿನ ಯಜಮಾನನೂ ದೀರ್ಘಾಯುವಾಗಲಿಲ್ಲ, 1901ರಲ್ಲಿ ಕಣ್ಮುಚ್ಚಿದನು. ಹೆಸರು ಮಾತ್ರ ಹೆಚ್ಚಾಗಿ ಅವನಿಗೇ ದಕ್ಕಿತು. ಚಿಕ್ಕಪ್ಪನೋ ದೊಡ್ಡಪ್ಪನೋ, ಆ ಹಿರಿಯನ ಗಾಲಿಯಿಲ್ಲದೆ ರೋವರ್ ಉರುಳುತ್ತಿರಲಿಲ್ಲ.

ತಂತಿಗಾಲಿಯ ದೂರದ ಪರೀಕ್ಷೆಯನ್ನೂ ಸ್ಟಾರ್ಲಿ ಕಾಣಲಿಲ್ಲ. ಥಾಮಸ್ ಸ್ಟೀವನ್ಸ್ ಎಂಬ ಸಾಹಸಿ 1884ರ ಏಪ್ರಿಲ್ 22ರಂದು ಸ್ಯಾನ್ ಫ್ರಾನ್ಸಿಸ್ಕೋದಿಂದ 50 ಅಂಗುಲ ಮುಂಗಾಲಿಯ ಎತ್ತರದ ಬೈಸಿಕಲ್ಲನ್ನೇರಿ ಹೊರಟು, 1886ರ ಡಿಸೆಂಬರಿನಲ್ಲಿ ಜಪಾನಿನ ಯೊಕೊಹಾಮಾ ತಲುಪಿದನು. ನೆಲದ ಮೇಲೆ ತುಳಿದದ್ದು 13,500 ಮೈಲಿಯಷ್ಟು. 1886ರಲ್ಲಿ ಲಾಹೋರಿನಿಂದ ಕಲ್ಕತ್ತೆಯವರೆಗೆ ನಮ್ಮ ಗ್ರ್ಯಾಂಡ್ ಟ್ರಂಕ್ ರಸ್ತೆಯಲ್ಲಿಯೂ ಹಾದುಹೋದನು. ಆತನ ಹೊರೆ ನನ್ನದಕ್ಕಿಂತ ಎಷ್ಟೋ ಹಗುರ: ಕಾಲುಚೀಲ, ಒಂದು ಬದಲಿ ಅಂಗಿ, ಗುಡಾರವಾಗಿಯೂ ಒದಗುವ ಮಳೆಯಂಗಿ, ಒಂದು ಪಿಸ್ತೂಲು. ಸ್ಟೌವನ್ನೂ ಅಕ್ಕಿಯನ್ನೂ ಹೊತ್ತಿದ್ದ ನಾನು ಇದನ್ನು ಓದಿ ನಾಚಿದೆ. ಗಾಲಿಯನ್ನು ಬಲಪಡಿಸುವ ಬಲು ಸುಲಭವಾದ ಮಾರ್ಗ ಹೊರೆ ಇಳಿಸುವುದೆಂದು ತರುಣರಿಗೆ ಮೊದಲು ಹೇಳುತ್ತೇನೆ. ಅವರು ಅದನ್ನು ಕೇಳುವುದಿಲ್ಲ.

ಆದುದರಿಂದ ಗಾಲಿಯ ಮಾತನ್ನೇ ಹೇಳಬೇಕಾಗುತ್ತದೆ. ಹಿಂಗಾಲಿಯ ಮೇಲೆ ಸವಾರನ ಭಾರದಲ್ಲಿ ಹೆಚ್ಚಿನ ಪಾಲೂ ಹೊರೆಯಲ್ಲಿ ಹೆಚ್ಚಿನ ಪಾಲೂ ಬೀಳುತ್ತದೆ. ಇದನ್ನರಿತೇ ಇಂಗ್ಲೆಂಡಿನ ಹಳೆಯ ಸೈಕಲ್ಲುಗಳಲ್ಲಿ ಮುಂಗಾಲಿಗೆ 32, ಹಿಂಗಾಲಿಗೆ 40 ಕಡ್ಡಿ ಹಾಕುತ್ತಿದ್ದರು. ನಮ್ಮ ದೇಶದ ಕಪ್ಪು ಸೈಕಲ್ಲುಗಳು ಆ ಲೆಕ್ಕವನ್ನೇ ಉಳಿಸಿಕೊಂಡವು. ಹಾಲಿನ ಕ್ಯಾನುಗಳನ್ನು ಎರಡು ಬದಿಗೂ ತೂಗುಹಾಕಿಕೊಂಡು ವರ್ಷಗಟ್ಟಲೆ ಓಡಾಡುವ ಗೌಳಿಗರ ಸೈಕಲ್ಲಿಗಿಂತ ದೊಡ್ಡ ಪ್ರಮಾಣಪತ್ರ ಬೇರೆ ಬೇಕೆ? ಇಂದು ಅಂಗಡಿಗಳಲ್ಲಿ ಇಪ್ಪತ್ತು, ಇಪ್ಪತ್ತನಾಲ್ಕು ಕಡ್ಡಿಯ ಸೊಗಸಾದ ಗಾಲಿಗಳಿವೆ. ಅವು ಬರಿಗೈಯಲ್ಲಿ ಪಂದ್ಯ ಓಡುವವರಿಗೆ. ಹೊರೆಯವನಿಗೆ ಹಿಂದೆ 36ಕ್ಕೆ ಕಡಮೆಯಾಗಬಾರದು, 40 ದೊರೆತರೆ ಇನ್ನೂ ಒಳ್ಳೆಯದು. ಅನೇಕ ಗೇರುಗಳ ಸೈಕಲ್ಲಿನಲ್ಲಿ ಹಲ್ಲುಚಕ್ರಗಳಿಗೆ ಜಾಗ ಬಿಡಲು ಬಲಬದಿಯ ಕಡ್ಡಿಗಳನ್ನು ಹೆಚ್ಚು ಕಡಿದಾಗಿ, ಹೆಚ್ಚು ಬಿಗಿಯಾಗಿ ಕೂರಿಸಬೇಕಾಗುತ್ತದೆ. ಎಡಬದಿ ಸಡಿಲವಾಗಿ ಉಳಿಯುತ್ತದೆ. ಆ ಅಸಮತೆಯನ್ನು ತಾಳಿಕೊಳ್ಳಲು ಕಡ್ಡಿಗಳ ಸಂಖ್ಯೆ ನೆರವಾಗುತ್ತದೆ. ನಡುವೆ ತೆಳುವಾಗಿ ತುದಿಗಳಲ್ಲಿ ದಪ್ಪವಾಗಿರುವ ಕಡ್ಡಿ ಇಡೀ ದಪ್ಪದ ಕಡ್ಡಿಗಿಂತ ಹೆಚ್ಚು ಬಾಳುತ್ತದೆಂದರೆ ಯಾರೂ ಒಪ್ಪುವುದಿಲ್ಲ. ಆದರೆ ಅದು ನಿಜ. ತೆಳು ನಡು ಹಿಗ್ಗಿಕೊಟ್ಟು ಮೊಣಕೈಯ ಮೇಲಿನ ಏಟನ್ನು ಕಡಮೆ ಮಾಡುತ್ತದೆ. ಅಗಲವಾದ ಟಯರು ಗುಂಡಿಯ ಏಟನ್ನು ರಿಮ್ಮಿಗೆ ಮುಟ್ಟುವ ಮುಂಚೆಯೇ ನುಂಗುತ್ತದೆ. 26 ಅಂಗುಲದ ಗಾಲಿ, ಉಳಿದುದೆಲ್ಲ ಸಮನಾಗಿದ್ದರೆ, 28 ಅಂಗುಲದ್ದಕ್ಕಿಂತ ಗಟ್ಟಿ. ಇಷ್ಟೆಲ್ಲ ಇದ್ದರೂ ಕಟ್ಟಿದ ಕೈ ಕೆಟ್ಟದಾಗಿದ್ದರೆ ಎಲ್ಲವೂ ವ್ಯರ್ಥ. ಸಾಧಾರಣ ರಿಮ್ಮು ಒಳ್ಳೆಯ ಕೈಯಲ್ಲಿ ಬಾಳುತ್ತದೆ, ಬೆಲೆಬಾಳುವ ರಿಮ್ಮು ಅವಸರದ ಕೈಯಲ್ಲಿ ಬಾಳುವುದಿಲ್ಲ. ಕೊಳ್ಳುವ ಮುಂಚೆ ಕಡ್ಡಿಗಳನ್ನು ಮೀಟಿ ನೋಡಿ ಎನ್ನುತ್ತೇನೆ. ಒಂದೇ ಬದಿಯ ಕಡ್ಡಿಗಳು ಒಂದೇ ಶ್ರುತಿಯಲ್ಲಿರಬೇಕು. ಅಂಗಡಿಯವರು ನನ್ನನ್ನು ಶಪಿಸುತ್ತಿರಬಹುದು.

ಸ್ಟಾರ್ಲಿ ಸತ್ತ ಮೂರು ವರ್ಷಕ್ಕೆ, 1884ರಲ್ಲಿ, ಕಾವೆಂಟ್ರಿಯ ಜನ ಆತನಿಗೆ ಒಂದು ಸ್ಮಾರಕವನ್ನು ನಿಲ್ಲಿಸಿದರು. ಅದರಲ್ಲಿ ಆತನ ಮುಖದ ಉಬ್ಬುಚಿತ್ರವಿದೆ, ಆತನ ವಾಹನಗಳ ಚಿತ್ರಗಳೂ ಇವೆ. ನಾನು ಅದನ್ನು ಕಂಡಿರುವುದು ಪುಸ್ತಕದಲ್ಲಿ ಮಾತ್ರ. ಗಡ್ಡದ ಆ ಗಂಭೀರ ಮುಖವನ್ನು ಕೊಟ್ಟಿಗೆಹಾರದ ಸಾಬರಿಗೆ ತೋರಿಸಬೇಕೆಂಬ ಆಸೆಯಿಂದ 1979ರಲ್ಲಿ ಆ ದಾರಿಯಾಗಿ ಮತ್ತೊಮ್ಮೆ ಹೋದೆ. ಹಲಗೆಯ ಗೂಡು ಇತ್ತು. ಅದರಲ್ಲಿ ಹೆಂಗಸೊಬ್ಬರು ಬಾಳೆಹಣ್ಣು ಮಾರುತ್ತಿದ್ದರು. ಸಾಬರು ಹಿಂದಿನ ಮಳೆಗಾಲದಲ್ಲಿ ತೀರಿಕೊಂಡರೆಂದು ಅವರು ಹೇಳಿದರು.

ಆ ಸೈಕಲ್ಲು ಇಂದಿಗೂ ನನ್ನ ಬಳಿಯಿದೆ. ರಿಮ್ಮನ್ನು ಎರಡು ಸಲ ಬದಲಾಯಿಸಿದ್ದೇನೆ. ಗುಂಬ ಮಾತ್ರ ಅದೇ. ಕಳೆದ ವಾರ ಹಿಂಗಾಲಿಯ ಕಡ್ಡಿಗಳನ್ನು ಒಂದೊಂದಾಗಿ ಮೀಟಿ ನೋಡಿದೆ. ಎಡಬದಿಯ ಒಂದು ತುಸು ಮಂದವಾಗಿ ನುಡಿಯಿತು. ಕಾಲು ಸುತ್ತು ಬಿಗಿದೆ.